ಎಎಂ ಬಾನುಲಿ ಕೇಂದ್ರಗಳ ರಾತ್ರಿ ಪ್ರಸಾರದ ಹಕ್ಕು: ನ್ಯೂಯಾರ್ಕಿನ ಡಬ್ಲ್ಯುಎನ್‌ವೈಸಿ ಪ್ರಕರಣ

ರಾತ್ರಿ ಪ್ರಸಾರದ ಹಕ್ಕು ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮಧ್ಯಮ ತರಂಗದ (ಎಎಂ) ಬಾನುಲಿ ಕೇಂದ್ರವೊಂದು ಸೂರ್ಯಾಸ್ತದ ಅನಂತರವೂ ತನ್ನ ಪ್ರಸಾರವನ್ನು ಮುಂದುವರಿಸಲು ಸರ್ಕಾರದಿಂದ ಪಡೆಯಬೇಕಾದ ಅನುಮತಿ. ಕೇಂದ್ರವನ್ನು ಸ್ಥಾಪಿಸಲು ಪರವಾನಗಿ ದೊರೆತ ಮಾತ್ರಕ್ಕೆ ಈ ಹಕ್ಕು ದೊರೆಯುವುದಿಲ್ಲ. ಆ ದೇಶದ ಸಾವಿರಾರು ಚಿಕ್ಕ ಕೇಂದ್ರಗಳು ದಶಕಗಳ ಕಾಲ ಸೂರ್ಯನೊಡನೆ ಎದ್ದು ಸೂರ್ಯನೊಡನೆ ಮಲಗಬೇಕಾಗಿತ್ತು. ಅಂತಹ ಕೇಂದ್ರಗಳನ್ನು ಅಲ್ಲಿ ‘ಡೇಟೈಮರ್’ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ಅವುಗಳನ್ನು ಹಗಲು ಕೇಂದ್ರಗಳೆಂದು ಕರೆಯಲಾಗಿದೆ.

ಇಂತಹ ಹಕ್ಕಿಗಾಗಿ ನಡೆದ ಹೋರಾಟಗಳಲ್ಲಿ ಅತಿ ದೀರ್ಘವಾದವುಗಳಲ್ಲಿ ಒಂದು ನ್ಯೂಯಾರ್ಕ್ ನಗರದ್ದು. ಆ ನಗರಾಡಳಿತದ ಸ್ವಂತ ಬಾನುಲಿ ಕೇಂದ್ರವಾಗಿದ್ದ ಡಬ್ಲ್ಯುಎನ್‌ವೈಸಿ 1924ರಲ್ಲಿ ಆರಂಭವಾಯಿತು. ಅದು ತನ್ನದೇ ಎಎಂ ಕಂಪನಾಂಕದಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ಮಾತನಾಡುವ ಸ್ವಾತಂತ್ರ್ಯವನ್ನು ಪಡೆದುದು ಆರು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಜಗತ್ತಿನ ಅತ್ಯಂತ ಶ್ರೀಮಂತ ನಗರಗಳಲ್ಲಿ ಒಂದಾದ ನ್ಯೂಯಾರ್ಕಿಗೆ ಈ ಅನುಮತಿಯನ್ನು ಹಣದಿಂದಾಗಲಿ ಪ್ರಭಾವದಿಂದಾಗಲಿ ಪಡೆಯಲು ಏಕೆ ಸಾಧ್ಯವಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಒಂದೆಡೆ ಆಕಾಶದಲ್ಲಿದೆ, ಇನ್ನೊಂದೆಡೆ ಮಿನ್ನೆಸೋಟದ ಹೊಲಗಳಲ್ಲಿದೆ.

ಹಗಲಿನ ಅಲೆ, ರಾತ್ರಿಯ ಅಲೆ

ಮಧ್ಯಮ ತರಂಗದ ಬಾನುಲಿ ಅಲೆಗಳು ಎರಡು ಬಗೆಯಲ್ಲಿ ಸಾಗುತ್ತವೆ. ನೆಲವನ್ನು ಅಪ್ಪಿಕೊಂಡು ಸಾಗುವ ಅಲೆ ಒಂದು; ಆಕಾಶದತ್ತ ಏರುವ ಅಲೆ ಇನ್ನೊಂದು. ಭೂಮಿಯಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ವಾತಾವರಣದ ಅಯಾನುಗೋಳದ ಕೆಳಪದರವಾದ ‘ಡಿ’ ಪದರವಿದೆ. ಹಗಲಿನಲ್ಲಿ ಸೂರ್ಯನ ಕಿರಣಗಳಿಂದ ಬಲಗೊಳ್ಳುವ ಈ ಪದರವು ಮೇಲಕ್ಕೇರುವ ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ಆದುದರಿಂದ ಹಗಲಿನಲ್ಲಿ ಕೇಳುಗನಿಗೆ ತಲುಪುವುದು ನೆಲದ ಅಲೆ ಮಾತ್ರ. ಸೂರ್ಯ ಮುಳುಗಿದ ಮೇಲೆ ‘ಡಿ’ ಪದರವು ಬೇಗನೆ ಕ್ಷೀಣಿಸುತ್ತದೆ. ಆಗ ಆಕಾಶಕ್ಕೇರಿದ ಅಲೆಗಳು ಇನ್ನೂ ಮೇಲಿನ ಪದರಗಳಿಗೆ ತಗುಲಿ, ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ದೂರದ ನೆಲಕ್ಕೆ ಹಿಂತಿರುಗುತ್ತವೆ.

ಕನ್ನಡನಾಡಿನಲ್ಲಿ ವಾಲ್ವು ರೇಡಿಯೊ ಅಥವಾ ಟ್ರಾನ್ಸಿಸ್ಟರ್ ಬಳಸಿದ ತಲೆಮಾರಿಗೆ ಇದನ್ನು ಪಾಠ ಮಾಡಿ ತಿಳಿಸಬೇಕಾಗಿಲ್ಲ. ಮಧ್ಯಾಹ್ನ ನಿರ್ಮಲವಾಗಿ ಕೇಳುತ್ತಿದ್ದ ಕೇಂದ್ರದ ಮೇಲೆ ರಾತ್ರಿ ಎಂಟರ ಹೊತ್ತಿಗೆ ಯಾವುದೋ ಅರಿಯದ ಭಾಷೆಯ ದನಿ ಏರಿಬರುವುದು, ಮುಳ್ಳನ್ನು ತುಸು ಸರಿಸಿದರೆ ಹಗಲಿನಲ್ಲಿ ಸುಳಿವೇ ಇಲ್ಲದ ಹತ್ತಾರು ಕೇಂದ್ರಗಳು ಎದ್ದುಬರುವುದು ನಿತ್ಯದ ಅನುಭವವಾಗಿತ್ತು. ಕೇಳುಗನಿಗೆ ಇದು ಕುತೂಹಲದ ಸಂಗತಿ. ಆದರೆ ಒಂದೇ ಕಂಪನಾಂಕವನ್ನು ಇಬ್ಬರಿಗೆ ಹಂಚಬೇಕಾದ ಅಧಿಕಾರಿಗೆ ಇದೇ ದೊಡ್ಡ ತೊಡಕು. ಹಗಲಿನಲ್ಲಿ ಒಬ್ಬರಿಗೊಬ್ಬರು ತಿಳಿಯದಷ್ಟು ದೂರದಲ್ಲಿರುವ ಎರಡು ಕೇಂದ್ರಗಳು ರಾತ್ರಿಯಲ್ಲಿ ಒಂದೇ ಕೋಣೆಯಲ್ಲಿ ಕುಳಿತು ಒಟ್ಟಿಗೆ ಮಾತನಾಡಿದಂತಾಗುತ್ತದೆ.

ದೊಡ್ಡ ಕೇಂದ್ರಗಳಿಗೆ ಮೀಸಲಾದ ರಾತ್ರಿ

1920ರ ದಶಕದಲ್ಲಿ ಅಮೆರಿಕದ ಬಾನುಲಿ ಕ್ಷೇತ್ರವು ಬಹುಮಟ್ಟಿಗೆ ಅರಾಜಕವಾಗಿತ್ತು. ಇದನ್ನು ಸರಿಪಡಿಸಲು ನೇಮಿಸಲಾದ ಫೆಡರಲ್ ರೇಡಿಯೊ ಕಮಿಷನ್ 1928ರ ನವೆಂಬರ್ 11ರಿಂದ ಹೊಸ ಹಂಚಿಕೆಯನ್ನು ಜಾರಿಗೆ ತಂದಿತು. ಅದರಂತೆ 40 ಕಂಪನಾಂಕಗಳನ್ನು ‘ಕ್ಲಿಯರ್ ಚಾನೆಲ್’ ಎಂದು ಪ್ರತ್ಯೇಕಿಸಲಾಯಿತು. ಅಂತಹ ಕಂಪನಾಂಕದಲ್ಲಿ ರಾತ್ರಿಯ ಹೊತ್ತು ಇಡೀ ದೇಶಕ್ಕೆ ಒಂದೇ ಕೇಂದ್ರ ಪ್ರಸಾರ ಮಾಡಬೇಕು ಎಂಬುದು ಮೂಲ ಕಲ್ಪನೆ. ಮುಂದೆ ಇವುಗಳಲ್ಲಿ ಅತ್ಯುನ್ನತ ರಕ್ಷಣೆ ಪಡೆದ ಕಂಪನಾಂಕಗಳು 25 ಉಳಿದವು. ಅವುಗಳ ಕೇಂದ್ರಗಳಿಗೆ 50,000 ವ್ಯಾಟ್ ಶಕ್ತಿಯವರೆಗೆ ಅನುಮತಿಯಿತ್ತು.

ಇದನ್ನು ಬಂಡವಳಿಗರ ಏಕಸ್ವಾಮ್ಯವೆಂದು ಟೀಕಿಸಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಈ ವ್ಯವಸ್ಥೆಗೆ ಒಂದು ನ್ಯಾಯವಾದ ಕಾರಣವೂ ಇತ್ತು. ವಿರಳ ಜನವಸತಿಯ ಪಶ್ಚಿಮ ಮತ್ತು ಮಧ್ಯ ಅಮೆರಿಕದ ವಿಶಾಲ ಪ್ರದೇಶಗಳಲ್ಲಿ ರಾತ್ರಿಯ ಹೊತ್ತು ಯಾವ ಕೇಂದ್ರದ ನೆಲದ ಅಲೆಯೂ ಸಮರ್ಪಕವಾಗಿ ತಲುಪುತ್ತಿರಲಿಲ್ಲ. ಅಲ್ಲಿನ ರೈತ ಕುಟುಂಬಗಳಿಗೆ ಧಾನ್ಯದ ಧಾರಣೆ, ಹಿಮಗಾಳಿಯ ಮುನ್ಸೂಚನೆ, ಶಾಲೆಗೆ ರಜೆಯ ಪ್ರಕಟಣೆ ಎಲ್ಲವೂ ದೂರದ ದೊಡ್ಡ ಕೇಂದ್ರದ ಆಕಾಶದ ಅಲೆಯಿಂದಲೇ ಬರಬೇಕಾಗಿತ್ತು.

ಉಳಿದ ಕಂಪನಾಂಕಗಳು ತುಂಬಿದ ಮೇಲೂ ಹೊಸ ಕೇಂದ್ರಗಳಿಗೆ ಬೇಡಿಕೆ ನಿಲ್ಲಲಿಲ್ಲ. ಆಗ ಸರ್ಕಾರ ಕಂಡುಕೊಂಡ ಉಪಾಯವೇ ಹಗಲು ಕೇಂದ್ರ. ದೊಡ್ಡ ಕೇಂದ್ರದ ಕಂಪನಾಂಕವನ್ನೇ ದೂರದ ಊರಿನ ಚಿಕ್ಕ ಕೇಂದ್ರಕ್ಕೂ ಕೊಡಲಾಯಿತು, ಆದರೆ ಹಗಲಿಗೆ ಮಾತ್ರ. ಪ್ರತಿ ತಿಂಗಳ ಸರಾಸರಿ ಸೂರ್ಯೋದಯ ಮತ್ತು ಸೂರ್ಯಾಸ್ತದ ವೇಳೆಯನ್ನು ಕಾಲು ಗಂಟೆಯ ಲೆಕ್ಕಕ್ಕೆ ಹೊಂದಿಸಿ ಪರವಾನಗಿಯಲ್ಲಿಯೇ ಬರೆಯಲಾಗುತ್ತಿತ್ತು. 1980ರ ವೇಳೆಗೆ ಇಂತಹ ಕೇಂದ್ರಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತ್ತು.

ಈ ಎರಡರ ನಡುವೆ ‘ಸೀಮಿತ ಕಾಲ’ ಎಂಬ ಇನ್ನೊಂದು ವರ್ಗವಿತ್ತು. ದೊಡ್ಡ ಕೇಂದ್ರವು ಪಶ್ಚಿಮಕ್ಕಿದ್ದರೆ, ಪೂರ್ವದ ಚಿಕ್ಕ ಕೇಂದ್ರವು ತನ್ನ ಊರಿನ ಸೂರ್ಯಾಸ್ತದವರೆಗೆ ಮಾತ್ರವಲ್ಲದೆ, ಆ ದೊಡ್ಡ ಕೇಂದ್ರದ ಊರಿನ ಸೂರ್ಯಾಸ್ತದವರೆಗೂ ಪ್ರಸಾರ ಮಾಡಬಹುದಿತ್ತು. ನ್ಯೂಯಾರ್ಕಿನ ಕೇಂದ್ರ ಈ ವರ್ಗಕ್ಕೆ ಸೇರಿತ್ತು.

ಡಬ್ಲ್ಯುಎನ್‌ವೈಸಿಯ ಆರಂಭ ಮತ್ತು ಮೊದಲ ಸೋಲು

ಡಬ್ಲ್ಯುಎನ್‌ವೈಸಿ 1924ರ ಜುಲೈ 8ರಂದು ಮ್ಯಾನ್‌ಹಟನ್‌ನ ಮುನಿಸಿಪಲ್ ಕಟ್ಟಡದಿಂದ ಪ್ರಸಾರವನ್ನು ಆರಂಭಿಸಿತು. ಜಾಹೀರಾತುಗಳಿಲ್ಲದ, ನಗರದ ತೆರಿಗೆ ಹಣದಿಂದ ನಡೆಯುವ ಕೇಂದ್ರವದು. 1928ರ ಹಂಚಿಕೆಯ ಬಳಿಕ ಅದು 570 ಕಿಲೋಹರ್ಟ್ಸ್ ಕಂಪನಾಂಕವನ್ನು ಡಬ್ಲ್ಯುಎಂಸಿಎ ಎಂಬ ಖಾಸಗಿ ವಾಣಿಜ್ಯ ಕೇಂದ್ರದೊಡನೆ ಹಂಚಿಕೊಳ್ಳಬೇಕಾಯಿತು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ನಗರಾಡಳಿತ ಇದನ್ನು ಒಪ್ಪದೆ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. 1929ರಲ್ಲಿ ತೀರ್ಪು ನಗರದ ವಿರುದ್ಧ ಬಂದಿತು. ಸರ್ಕಾರಿ ಸಂಸ್ಥೆಯೆಂಬ ಕಾರಣಕ್ಕೆ ಬಾನುಲಿ ಅಲೆಯ ಮೇಲೆ ವಿಶೇಷ ಹಕ್ಕು ಹುಟ್ಟುವುದಿಲ್ಲ ಎಂಬುದು ಆಗಲೇ ಖಚಿತವಾಯಿತೆನ್ನಬೇಕು.

1931ರಲ್ಲಿ 570 ಕಿಲೋಹರ್ಟ್ಸ್ ಪೂರ್ಣವಾಗಿ ಡಬ್ಲ್ಯುಎಂಸಿಎ ಪಾಲಾಯಿತು. ನಗರದ ಕೇಂದ್ರವನ್ನು 810 ಕಿಲೋಹರ್ಟ್ಸ್‌ಗೆ ಕಳುಹಿಸಲಾಯಿತು. ಅಲ್ಲಿ ಆಗಲೇ ಮಿನಿಯಾಪೊಲಿಸ್ ನಗರದ ಡಬ್ಲ್ಯುಸಿಸಿಒ ನೆಲೆಯೂರಿತ್ತು. ವಾಶ್‌ಬರ್ನ್ ಕ್ರಾಸ್ಬಿ ಎಂಬ ಹಿಟ್ಟಿನ ಗಿರಣಿ ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಈ ಕೇಂದ್ರ 50,000 ವ್ಯಾಟ್ ಶಕ್ತಿಯ ಕ್ಲಿಯರ್ ಚಾನೆಲ್ ಕೇಂದ್ರವಾಗಿ ಬೆಳೆಯಿತು. ಮಿನ್ನೆಸೋಟ ಮಾತ್ರವಲ್ಲದೆ ಸುತ್ತಲಿನ ಡಕೋಟ, ಅಯೋವ, ವಿಸ್ಕಾನ್ಸಿನ್ ಪ್ರಾಂತಗಳ ಹಳ್ಳಿಗಳಲ್ಲಿಯೂ ಅದು ಮನೆಮಾತಾಗಿತ್ತು. 1941ರ ಮಾರ್ಚ್ 29ರಂದು ಉತ್ತರ ಅಮೆರಿಕದ ದೇಶಗಳ ನಡುವಣ ಒಪ್ಪಂದದಂತೆ ನೂರಾರು ಕೇಂದ್ರಗಳ ಕಂಪನಾಂಕ ಬದಲಾದಾಗ ಈ ಎರಡೂ ಕೇಂದ್ರಗಳು ಒಟ್ಟಿಗೆ 830 ಕಿಲೋಹರ್ಟ್ಸ್‌ಗೆ ಸರಿದವು. ಮನೆ ಬದಲಾಯಿತು, ಮನೆಯೊಡೆಯ ಬದಲಾಗಲಿಲ್ಲ.

ನ್ಯೂಯಾರ್ಕಿನಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಸಂಜೆ ನಾಲ್ಕೂವರೆಗೇ ಮುಳುಗುತ್ತಾನೆ. ಮಿನಿಯಾಪೊಲಿಸ್‌ನಲ್ಲಿಯೂ ಅಲ್ಲಿನ ಗಡಿಯಾರದ ಪ್ರಕಾರ ಸುಮಾರು ಅದೇ ವೇಳೆ. ಆದರೆ ಎರಡು ನಗರಗಳ ಗಡಿಯಾರಗಳ ನಡುವೆ ಒಂದು ಗಂಟೆಯ ಅಂತರವಿರುವುದರಿಂದ ನ್ಯೂಯಾರ್ಕಿಗೆ ಅದು ಐದೂವರೆ. ಎಂಬತ್ತು ಲಕ್ಷದ ಸಮೀಪ ಜನಸಂಖ್ಯೆಯ ಮಹಾನಗರದ ಕೇಂದ್ರವೊಂದು, ಕಾರ್ಮಿಕರು ಕಾರ್ಖಾನೆಯಿಂದ ಹೊರಬೀಳುವ ಹೊತ್ತಿಗೆ ಬಾಯಿ ಮುಚ್ಚಿಕೊಳ್ಳಬೇಕಾಗಿತ್ತು.

ರಾತ್ರಿ ಹತ್ತರವರೆಗಿನ ತಾತ್ಕಾಲಿಕ ಅನುಮತಿ

ಮೇಯರ್ ಫಿಯೊರೆಲ್ಲೊ ಲಗಾರ್ಡಿಯ ಅಧಿಕಾರಕ್ಕೆ ಬರುವ ಮುನ್ನ ಈ ಕೇಂದ್ರವನ್ನು ಉಳಿತಾಯದ ದೃಷ್ಟಿಯಿಂದ ಮುಚ್ಚುವ ಮಾತನಾಡಿದ್ದವರು. 1934ರಲ್ಲಿ ಮೇಯರ್ ಆದ ಮೇಲೆ ಅವರೇ ಅದರ ಅತ್ಯಂತ ಪ್ರಸಿದ್ಧ ದನಿಯಾದರು. 1937ರಲ್ಲಿ ಕೇಂದ್ರದ ಟ್ರಾನ್ಸ್‌ಮಿಟರನ್ನು ಬ್ರೂಕ್ಲಿನ್‌ನ ಗ್ರೀನ್‌ಪಾಯಿಂಟ್‌ಗೆ ಸ್ಥಳಾಂತರಿಸಲಾಯಿತು. ಆರ್ಥಿಕ ಕುಸಿತದ ಕಾಲದ ಸರ್ಕಾರಿ ಉದ್ಯೋಗ ಯೋಜನೆಯ ಕಾಮಗಾರಿ ಅದು. ಯುದ್ಧಕಾಲದ ಭಾನುವಾರಗಳಂದು ಲಗಾರ್ಡಿಯ ಜನರೊಡನೆ ನೇರವಾಗಿ ಮಾತನಾಡುತ್ತಿದ್ದರು. 1945ರ ಜುಲೈನಲ್ಲಿ ಪತ್ರಿಕೆ ಹಂಚುವವರ ಮುಷ್ಕರ ನಡೆದಾಗ, ಮಕ್ಕಳಿಗೆ ವ್ಯಂಗ್ಯಚಿತ್ರ ಕಥೆಗಳು ತಪ್ಪಬಾರದೆಂದು ಮೇಯರ್ ಅವರೇ ಅವುಗಳನ್ನು ಹಾವಭಾವ ಸಹಿತ ಓದಿ ಹೇಳಿದರು. ಆ ಪ್ರಸಂಗ ಇಂದಿಗೂ ಅಮೆರಿಕದ ಬಾನುಲಿ ಚರಿತ್ರೆಯಲ್ಲಿ ಉಲ್ಲೇಖಗೊಳ್ಳುತ್ತದೆ.

ಯುದ್ಧದ ಸಂದರ್ಭದಲ್ಲಿ ನಗರದ ಬೇಡಿಕೆಗೆ ಮನ್ನಣೆ ದೊರೆಯಿತು. ಫೆಡರಲ್ ರೇಡಿಯೊ ಕಮಿಷನ್ನಿನ ಸ್ಥಾನದಲ್ಲಿ 1934ರಿಂದ ಕಾರ್ಯ ನಿರ್ವಹಿಸುತ್ತಿದ್ದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ (ಎಫ್‌ಸಿಸಿ) 1943ರಲ್ಲಿ ಡಬ್ಲ್ಯುಎನ್‌ವೈಸಿಗೆ ‘ವಿಶೇಷ ಸೇವಾ ಅನುಮತಿ’ಯನ್ನು ನೀಡಿತು. ಇದರಂತೆ ರಾತ್ರಿ ಹತ್ತರವರೆಗೆ ಪ್ರಸಾರ ಮಾಡಬಹುದಾಯಿತು.

ಈ ಅನುಮತಿಯ ಸ್ವರೂಪವನ್ನು ಗಮನಿಸಬೇಕು. ಅದು ಪರವಾನಗಿಯಲ್ಲ, ನಿಯಮಕ್ಕೆ ಹೊರತಾಗಿ, ಕಾಲಮಿತಿಯೊಡನೆ ಕೊಟ್ಟ ರಿಯಾಯಿತಿ. ಅವಧಿ ಮುಗಿದಂತೆಲ್ಲ ನವೀಕರಣಕ್ಕೆ ಅರ್ಜಿ ಹಾಕಬೇಕು. ಡಬ್ಲ್ಯುಸಿಸಿಒ ವಿರೋಧಿಸುತ್ತಲೇ ಇತ್ತು. ತಾತ್ಕಾಲಿಕವೆಂದು ಕೊಟ್ಟುದು ಯುದ್ಧ ಮುಗಿದ ಮೇಲೂ ದಶಕಗಳ ಕಾಲ ಉಳಿಯಿತು. ಉಳಿದರೂ ಹಕ್ಕಾಗಿ ಮಾಗಲಿಲ್ಲ. ಸರ್ಕಾರಿ ಕಚೇರಿಗಳ ಒಡನಾಟವಿದ್ದ ಯಾರಿಗೂ ಇದು ಅಪರಿಚಿತ ಪರಿಸ್ಥಿತಿಯೇನಲ್ಲ. ತಾತ್ಕಾಲಿಕ ನೌಕರನು ವರ್ಷಗಟ್ಟಲೆ ದುಡಿದರೂ ಕಾಯಂ ಆಗದ ಸ್ಥಿತಿಯನ್ನೇ ಇದು ಹೋಲುತ್ತದೆ.

ನಗರಾಡಳಿತ ರಾತ್ರಿ ಪೂರ್ತಿ ಪ್ರಸಾರದ ಹಕ್ಕಿಗಾಗಿ ಮತ್ತೆ ಮತ್ತೆ ಅರ್ಜಿ ಸಲ್ಲಿಸಿತು. ವಿವಾದ 1970 ಮತ್ತು 1980ರ ದಶಕಗಳಲ್ಲಿ ಪುನಃ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯದ ಮೆಟ್ಟಿಲೇರಿತು. 830 ಕಿಲೋಹರ್ಟ್ಸ್‌ನಲ್ಲಿ ಅದಕ್ಕೆ ಪೂರ್ಣಾವಧಿಯ ಹಕ್ಕು ಕೊನೆಗೂ ಸಿದ್ಧಿಸಲಿಲ್ಲ.

ಉಭಯ ಪಕ್ಷಗಳ ವಾದ

1934ರ ಕಮ್ಯುನಿಕೇಷನ್ಸ್ ಕಾಯಿದೆಯ 307(ಬಿ) ವಿಧಿಯು ಬಾನುಲಿ ಸೇವೆಯನ್ನು ರಾಜ್ಯಗಳ ಹಾಗೂ ಜನವಸತಿಗಳ ನಡುವೆ ನ್ಯಾಯವಾಗಿ, ದಕ್ಷವಾಗಿ, ಸಮಾನ ದೃಷ್ಟಿಯಿಂದ ಹಂಚಬೇಕೆಂದು ವಿಧಿಸುತ್ತದೆ. ಇಡೀ ವಿವಾದ ನಿಂತಿರುವುದು ಈ ವಿಧಿಯ ಅರ್ಥದ ಮೇಲೆ.

ನಗರದ ಪಕ್ಷ ಸರಳ. ಪೌರಾಡಳಿತದ ಸಭೆಗಳು, ವಿಶ್ವಸಂಸ್ಥೆಯ ಕಲಾಪಗಳು, ಶಾಸ್ತ್ರೀಯ ಸಂಗೀತ, ವಯಸ್ಕರ ಶಿಕ್ಷಣ ಮುಂತಾದ ಕಾರ್ಯಕ್ರಮಗಳನ್ನು ಲಾಭದ ಗೊಡವೆಯಿಲ್ಲದೆ ಕೊಡುವ ಕೇಂದ್ರ ಬೇರೊಂದಿಲ್ಲ. ಹಗಲಿನಲ್ಲಿ ದುಡಿಯುವ ಮನುಷ್ಯ ಬಾನುಲಿಯ ಮುಂದೆ ಕೂರುವುದು ರಾತ್ರಿಯಲ್ಲಿ. ಆದುದರಿಂದ ರಾತ್ರಿಯಿಲ್ಲದ ಸಾರ್ವಜನಿಕ ಕೇಂದ್ರ ಅರ್ಧ ಕೇಂದ್ರ. ಒಂದು ಸಾವಿರ ವ್ಯಾಟ್‌ನ ಚಿಕ್ಕ ಕೇಂದ್ರದಿಂದ 1,600 ಕಿಲೋಮೀಟರ್ ಆಚೆಯ ಐವತ್ತು ಸಾವಿರ ವ್ಯಾಟ್‌ನ ಕೇಂದ್ರಕ್ಕೆ ಆಗುವ ತೊಂದರೆಯಾದರೂ ಎಷ್ಟು?

ಮಿನಿಯಾಪೊಲಿಸ್‌ನ ಪಕ್ಷವನ್ನು ಕೇವಲ ಹಣವಂತ ಕೇಂದ್ರದ ಹಟವೆಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ತೊಂದರೆಯಾಗುವುದು ಮಿನಿಯಾಪೊಲಿಸ್ ನಗರದಲ್ಲಿ ಅಲ್ಲ. ಅಲ್ಲಿ ನೆಲದ ಅಲೆ ಬಲವಾಗಿಯೇ ಇರುತ್ತದೆ. ಎರಡೂ ಕೇಂದ್ರಗಳಿಂದ ದೂರವಿರುವ, ಆಕಾಶದ ಅಲೆಯನ್ನೇ ನಂಬಿದ ಹಳ್ಳಿಯಲ್ಲಿ ತೊಂದರೆಯಾಗುತ್ತದೆ. ಅಲ್ಲಿ ಡಬ್ಲ್ಯುಸಿಸಿಒ ದನಿ ಮೊದಲೇ ಕ್ಷೀಣ. ಅದರ ಮೇಲೆ ಇನ್ನೊಂದು ಕೇಂದ್ರದ ಅಲೆ ಬಿದ್ದರೆ ಎರಡೂ ಕಲಸಿ ಯಾವುದೂ ಕೇಳದಂತಾಗುತ್ತದೆ. ಹೀಗೆ ಕೆಡುವ ಪ್ರದೇಶದ ಹಳ್ಳಿಗನಿಗೆ ನಗರದ ಕೇಂದ್ರದ ಸಂಗೀತವೂ ದಕ್ಕುವುದಿಲ್ಲ, ಹಿಮಗಾಳಿಯ ಎಚ್ಚರಿಕೆಯೂ ದಕ್ಕುವುದಿಲ್ಲ. ನ್ಯೂಯಾರ್ಕಿನ ಕೇಳುಗನಿಗಾದರೋ ರಾತ್ರಿಯಿಡೀ ತೆರೆದಿರುವ ಹತ್ತಾರು ಬೇರೆ ಕೇಂದ್ರಗಳಿದ್ದವು. ಮೇಲಾಗಿ 1943ರಿಂದಲೇ ನಗರಾಡಳಿತಕ್ಕೆ ತನ್ನದೇ ಎಫ್‌ಎಂ ಕೇಂದ್ರವೂ ಇತ್ತು; ಎಫ್‌ಎಂ ಅಲೆಗಳು ಅಯಾನುಗೋಳದಿಂದ ಹೀಗೆ ಹಿಂತಿರುಗುವುದಿಲ್ಲವಾದ್ದರಿಂದ ಅದಕ್ಕೆ ಹಗಲು ರಾತ್ರಿಯ ಭೇದವಿರಲಿಲ್ಲ.

ಪ್ರಸ್ತುತ ಲೇಖಕರ ದೃಷ್ಟಿಯಲ್ಲಿ ನಗರದ ವಾದದ ನಿಜವಾದ ಬಲವಿದ್ದುದು 1940 ಮತ್ತು 1950ರ ದಶಕಗಳಲ್ಲಿ. ಆಗ ಎಫ್‌ಎಂ ರೇಡಿಯೊ ಇದ್ದ ಮನೆಗಳು ವಿರಳ. ಬಡ ಕಾರ್ಮಿಕನ ಮನೆಯಲ್ಲಿದ್ದುದು ಎಎಂ ರೇಡಿಯೊ ಒಂದೇ. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಎಫ್‌ಎಂ ಕೇಳುವವರ ಸಂಖ್ಯೆ ಎಎಂ ಕೇಳುವವರನ್ನು ಮೀರಿತು. ಅಷ್ಟರಲ್ಲಿ ರಾತ್ರಿಯ ಕೇಳುಗರಲ್ಲಿ ಬಹುಪಾಲು ದೂರದರ್ಶನದ ಮುಂದೆ ಕುಳಿತಿದ್ದರು. ಅಗತ್ಯವಿದ್ದಾಗ ದೊರೆಯದ ಹಕ್ಕು, ಅದರ ಬೆಲೆ ಇಳಿದ ಮೇಲೆ ದೊರೆಯುವ ಹಂತಕ್ಕೆ ಬಂದಿತು.

820 ಕಿಲೋಹರ್ಟ್ಸ್: ಪಕ್ಕದ ಬಾಗಿಲು

ಕ್ಲಿಯರ್ ಚಾನೆಲ್‌ಗಳ ಭವಿಷ್ಯದ ಬಗ್ಗೆ ಎಫ್‌ಸಿಸಿ 1945ರಲ್ಲಿ ಆರಂಭಿಸಿದ ವಿಚಾರಣೆ 1961ರವರೆಗೆ ಸಾಗಿತು. ಹದಿನಾರು ವರ್ಷಗಳ ಬಳಿಕ ಬಂದ ತೀರ್ಪಿನಲ್ಲಿ 25 ಕಂಪನಾಂಕಗಳ ಪೈಕಿ ಸುಮಾರು ಅರ್ಧದಷ್ಟನ್ನು ಮಾತ್ರ ಮತ್ತೊಂದು ಕೇಂದ್ರಕ್ಕೆ ತೆರೆಯಲಾಯಿತು. ನಿರ್ಣಾಯಕ ಬದಲಾವಣೆ ಬಂದುದು 1980ರಲ್ಲಿ. ದೊಡ್ಡ ಕೇಂದ್ರಗಳ ರಾತ್ರಿಯ ಏಕಸ್ವಾಮ್ಯವನ್ನು ಆಗ ರದ್ದುಪಡಿಸಿ, ಅವುಗಳ ಸುತ್ತ ಸುಮಾರು 750 ಮೈಲಿ (1,200 ಕಿಲೋಮೀಟರ್) ವ್ಯಾಪ್ತಿಗೆ ರಕ್ಷಣೆಯನ್ನು ಸೀಮಿತಗೊಳಿಸಲಾಯಿತು. ಅದರ ಹೊರಗೆ ಹೊಸ ರಾತ್ರಿ ಕೇಂದ್ರಗಳಿಗೆ ಅವಕಾಶ ದೊರೆಯಿತು.

ನ್ಯೂಯಾರ್ಕ್ ನಗರಾಡಳಿತ ಕೊನೆಗೆ 830ನ್ನು ಕೈಬಿಟ್ಟು ಪಕ್ಕದ 820ಕ್ಕೆ ಸರಿಯುವ ದಾರಿ ಹಿಡಿಯಿತು. ಅಲ್ಲಿಯ ಪ್ರಧಾನ ಕೇಂದ್ರವಾದ ಟೆಕ್ಸಾಸ್‌ನ ಡಬ್ಲ್ಯುಬಿಎಪಿ ಇರುವುದು ಫೋರ್ಟ್ ವರ್ತ್‌ನಲ್ಲಿ; ನ್ಯೂಯಾರ್ಕಿನಿಂದ 2,200 ಕಿಲೋಮೀಟರ್‌ಗಿಂತ ಹೆಚ್ಚು ದೂರ. ದೂರ ಹೆಚ್ಚಿದಷ್ಟೂ ಅಡಚಣೆ ಕಡಿಮೆ. 1980ರ ದಶಕದ ಕೊನೆಯಲ್ಲಿ ಈ ಬದಲಾವಣೆ ಜಾರಿಗೆ ಬಂದು, ಡಬ್ಲ್ಯುಎನ್‌ವೈಸಿ ಎಎಂ ಇಡೀ ರಾತ್ರಿ ಪ್ರಸಾರ ಮಾಡತೊಡಗಿತು. ಹಗಲಿನಲ್ಲಿ 10,000 ವ್ಯಾಟ್, ರಾತ್ರಿಯಲ್ಲಿ 1,000 ವ್ಯಾಟ್. ಹಲವು ಗೋಪುರಗಳನ್ನು ಬಳಸಿ ಅಲೆಯನ್ನು ಟೆಕ್ಸಾಸಿನ ದಿಕ್ಕಿಗೆ ಹೋಗದಂತೆ ತಡೆಯುವ ವ್ಯವಸ್ಥೆಯೂ ಇದರ ಭಾಗವಾಗಿತ್ತು.

ಇದಕ್ಕೆ ಗ್ರೀನ್‌ಪಾಯಿಂಟ್‌ನ ಜಾಗ ಸಾಲದು. ಹೊಸ ಟ್ರಾನ್ಸ್‌ಮಿಟರ್ ನ್ಯೂಜೆರ್ಸಿಯ ಕಿಯರ್ನಿ ಎಂಬಲ್ಲಿ ನೆಲೆಗೊಂಡಿತು. ಅಲ್ಲಿನ ಗೋಪುರಗಳನ್ನು ಅದು ಹಂಚಿಕೊಂಡುದು ಬೇರಾರೊಡನೆಯೂ ಅಲ್ಲ, 570 ಕಿಲೋಹರ್ಟ್ಸ್‌ನ ಡಬ್ಲ್ಯುಎಂಸಿಎ ಕೇಂದ್ರದೊಡನೆ! ಅರವತ್ತು ವರ್ಷಗಳ ಹಿಂದೆ ಒಂದು ಕಂಪನಾಂಕಕ್ಕಾಗಿ ನ್ಯಾಯಾಲಯದಲ್ಲಿ ಸೆಣಸಿದ್ದ ಇಬ್ಬರು ಒಂದೇ ಗೋಪುರದಡಿ ಬಂದು ನಿಂತರು.

ರಾತ್ರಿಯ ಹಕ್ಕನ್ನು ಪಡೆದ ನಗರಾಡಳಿತ ಅದನ್ನು ಹೆಚ್ಚು ಕಾಲ ಇಟ್ಟುಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ಮೇಯರ್ ರುಡಾಲ್ಫ್ ಜೂಲಿಯಾನಿ ಅವರ ಕಾಲದಲ್ಲಿ, 1995ರಲ್ಲಿ, ಎಎಂ ಮತ್ತು ಎಫ್‌ಎಂ ಕೇಂದ್ರಗಳೆರಡನ್ನೂ ಡಬ್ಲ್ಯುಎನ್‌ವೈಸಿ ಪ್ರತಿಷ್ಠಾನಕ್ಕೆ 2 ಕೋಟಿ ಡಾಲರಿಗೆ ಮಾರುವ ನಿರ್ಧಾರವಾಯಿತು. 1997ರ ಆರಂಭದಲ್ಲಿ ಕೇಂದ್ರ ನಗರಾಡಳಿತದಿಂದ ಸ್ವತಂತ್ರವಾಯಿತು. ಈಗ ಅದು ಕೇಳುಗರ ದೇಣಿಗೆಯನ್ನು ಮುಖ್ಯವಾಗಿ ಅವಲಂಬಿಸಿದ ಸಾರ್ವಜನಿಕ ಬಾನುಲಿ ಕೇಂದ್ರ.

ಸಣ್ಣ ಊರುಗಳ ಹಗಲು ಕೇಂದ್ರಗಳು

ನ್ಯೂಯಾರ್ಕಿಗೆ ವಕೀಲರಿದ್ದರು. ಸಣ್ಣ ಊರಿನ ಹಗಲು ಕೇಂದ್ರಕ್ಕೆ ಅದೂ ಇರಲಿಲ್ಲ. ಬಾನುಲಿಯ ಜಾಹೀರಾತು ಆದಾಯದಲ್ಲಿ ಜನ ಕೆಲಸಕ್ಕೆ ಹೊರಡುವ ಮತ್ತು ಮರಳುವ ವೇಳೆಗಳ ಪಾಲು ದೊಡ್ಡದು. ಚಳಿಗಾಲದಲ್ಲಿ ಈ ಎರಡೂ ವೇಳೆಗಳು ಕತ್ತಲೆಗೆ ಸೇರುತ್ತವೆ. ಶಾಲೆಗಳ ನಡುವಣ ಸಂಜೆಯ ಪಂದ್ಯ, ಪುರಸಭೆಯ ಚುನಾವಣೆಯ ಫಲಿತಾಂಶ ಇವುಗಳನ್ನು ಆ ಊರಿನ ಕೇಂದ್ರವೇ ಹೇಳಲಾಗದ ಸ್ಥಿತಿಯಿತ್ತು. ಬಿರುಗಾಳಿ, ಪ್ರವಾಹಗಳಂತಹ ತುರ್ತು ಸಂದರ್ಭದಲ್ಲಿ ಮಾತ್ರ ರಾತ್ರಿಯೂ ಹಗಲಿನ ಶಕ್ತಿಯಲ್ಲಿಯೇ ಪ್ರಸಾರ ಮಾಡಲು ನಿಯಮ ಅವಕಾಶ ಕೊಡುತ್ತದೆ; ಆದರೆ ಆಗ ಜಾಹೀರಾತಿನಿಂದ ಹಣ ಗಳಿಸುವಂತಿಲ್ಲ.

ಹಗಲು ಕೇಂದ್ರಗಳ ಒಡೆಯರು ಸಂಘ ಕಟ್ಟಿಕೊಂಡು, ಋತುಮಾನ ಯಾವುದೇ ಇರಲಿ, ನಿಗದಿತ ಗಂಟೆಗಳವರೆಗೆ ಪ್ರಸಾರಕ್ಕೆ ಅವಕಾಶ ಬೇಕೆಂದು 1950ರ ದಶಕದಲ್ಲಿ ಕೇಳಿದರು. ಎಫ್‌ಸಿಸಿ ಒಪ್ಪಲಿಲ್ಲ. 1967ರಲ್ಲಿ ಹಲವು ಕೇಂದ್ರಗಳಿಗೆ ಬೆಳಗಿನ ಆರು ಗಂಟೆಯಿಂದ, 500 ವ್ಯಾಟ್ ಮೀರದ ಶಕ್ತಿಯಲ್ಲಿ ಆರಂಭಿಸಲು ಅನುಮತಿ ದೊರೆಯಿತು. 1974ರ ಜನವರಿಯಲ್ಲಿ ಇಂಧನ ಉಳಿತಾಯಕ್ಕಾಗಿ ಚಳಿಗಾಲದಲ್ಲಿಯೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಾಗ, ಸೂರ್ಯೋದಯವೇ ಎಂಟು ಗಂಟೆಯ ಆಚೀಚೆಗೆ ಸರಿದು ಈ ಕೇಂದ್ರಗಳು ಬೆಳಗಿನ ಕೇಳುಗರನ್ನು ಕಳೆದುಕೊಳ್ಳುವ ಭೀತಿ ಎದುರಾಯಿತು. ಅವುಗಳಿಗೆ ಹೊಂದಾಣಿಕೆ ಮಾಡಿಕೊಡಲು ಆ ಕಾನೂನಿನಲ್ಲಿಯೇ ಎಫ್‌ಸಿಸಿಗೆ ಅಧಿಕಾರ ಕೊಡಬೇಕಾಯಿತು. ಸೂರ್ಯಾಸ್ತದ ಅನಂತರ ಅಲ್ಪ ಶಕ್ತಿಯಲ್ಲಿ ಸ್ವಲ್ಪ ಹೊತ್ತು ಮುಂದುವರಿಯುವ ಅನುಮತಿ ಬಂದುದು 1983ರಲ್ಲಿ.

ಕೆಲವೆಡೆ ತಡೆಯಿದ್ದುದು ದೇಶದೊಳಗಲ್ಲ, ಗಡಿಯಾಚೆ. 800, 900, 1570 ಕಿಲೋಹರ್ಟ್ಸ್ ಮುಂತಾದ ಕಂಪನಾಂಕಗಳು ಒಪ್ಪಂದದಂತೆ ಮೆಕ್ಸಿಕೊಗೆ ಮೀಸಲಾಗಿದ್ದವು. 1986ರಲ್ಲಿ ಎರಡೂ ದೇಶಗಳ ನಡುವೆ ಹೊಸ ಒಪ್ಪಂದವಾದ ಮೇಲೆ ಅಲ್ಲಿಯೂ ಬಾಗಿಲು ತೆರೆಯಿತು. ಆ ವರ್ಷಗಳಲ್ಲಿ ಹಲವು ನೂರು ಹಗಲು ಕೇಂದ್ರಗಳಿಗೆ ರಾತ್ರಿ ಪ್ರಸಾರದ ಅವಕಾಶ ದೊರೆಯಿತು. ಆದರೆ ಅನೇಕ ಕಡೆ ಅದರ ಶಕ್ತಿ ಮನೆಯ ದೀಪಕ್ಕೆ ಹೋಲಿಸಬಹುದಾದ ಕೆಲವೇ ಹತ್ತು ವ್ಯಾಟ್‌ಗಳು. ಅಡಚಣೆಯಿಂದ ರಕ್ಷಣೆಯೂ ಇಲ್ಲ. ಊರಿನ ಎಲ್ಲೆ ದಾಟಿದರೆ ಕೇಳದ ರಾತ್ರಿ ಅದು.

ನ್ಯೂಜೆರ್ಸಿಯ ಎಲಿಜಬೆತ್ ನಗರದ ಡಬ್ಲ್ಯುಜೆಡಿಎಂ ಎಂಬ ಹಗಲು ಕೇಂದ್ರಕ್ಕೆ ಬೇರೊಂದು ರೀತಿಯಲ್ಲಿ ಬಿಡುಗಡೆ ದೊರೆಯಿತು. ಒಂದು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ಆ ನಗರಕ್ಕೆ ರಾತ್ರಿ ಮಾತನಾಡುವ ಸ್ವಂತ ಕೇಂದ್ರವೇ ಇರಲಿಲ್ಲ. ಎಎಂ ಪಟ್ಟಿಯನ್ನು 1605ರಿಂದ 1705 ಕಿಲೋಹರ್ಟ್ಸ್‌ವರೆಗೆ ವಿಸ್ತರಿಸಿದಾಗ ಇಂತಹ ನಗರಗಳಿಗೆ ಆದ್ಯತೆ ನೀಡಬೇಕೆಂದು ಅಮೆರಿಕದ ಸಂಸತ್ತು ಕಾನೂನಿನಲ್ಲಿಯೇ ಸೇರಿಸಿತು. 1995ರಲ್ಲಿ 1660 ಕಿಲೋಹರ್ಟ್ಸ್‌ನಲ್ಲಿ ಆರಂಭಿಸಿ, ವಿಸ್ತೃತ ಪಟ್ಟಿಯ ಮೊದಲ ಕೇಂದ್ರವೆಂಬ ಹೆಸರು ಅದಕ್ಕೆ ಬಂದಿತು.

ಭಾರತದ ಸಂದರ್ಭ

ಭಾರತದಲ್ಲಿ ಇಂತಹ ವಿವಾದ ಹುಟ್ಟಲು ಆಸ್ಪದವಿರಲಿಲ್ಲ. ಇಲ್ಲಿ ಮಧ್ಯಮ ತರಂಗ ಆಕಾಶವಾಣಿಗೆ ಸೇರಿದ್ದು. ಬೆಂಗಳೂರಿನ 612, ಭದ್ರಾವತಿಯ 675, ಧಾರವಾಡದ 765 ಕಿಲೋಹರ್ಟ್ಸ್‌ಗಳೆಲ್ಲ ಒಂದೇ ಸಂಸ್ಥೆಯ ಯೋಜನೆಯಂತೆ ನಿರ್ಧಾರವಾದವು. ನೆರೆದೇಶಗಳೊಡನೆ ಹೊಂದಾಣಿಕೆಗೆ 1975ರ ಜಿನೀವ ಒಪ್ಪಂದವಿದೆ. ಈ ಮೂರೂ ಸಂಖ್ಯೆಗಳು ಒಂಬತ್ತರಿಂದ ಭಾಗವಾಗುವುದು ಆಕಸ್ಮಿಕವಲ್ಲ. ಅಮೆರಿಕ ಖಂಡಗಳಲ್ಲಿ ಕಂಪನಾಂಕಗಳ ನಡುವಣ ಅಂತರ 10 ಕಿಲೋಹರ್ಟ್ಸ್ ಆದರೆ ನಮ್ಮಲ್ಲಿ 9. 2001ರಲ್ಲಿ ಬೆಂಗಳೂರಿನಿಂದ ಆರಂಭವಾದ ಖಾಸಗಿ ಬಾನುಲಿಗೆ ದೊರೆತುದು ಎಫ್‌ಎಂ ಮಾತ್ರ. ಒಂದು ಊರಿನ ಜನ ತಮ್ಮದೇ ಎಎಂ ಕೇಂದ್ರಕ್ಕಾಗಿ ದೂರದ ಕೇಂದ್ರದೊಡನೆ ವ್ಯಾಜ್ಯ ಹೂಡುವ ಸಂದರ್ಭ ನಮ್ಮಲ್ಲಿ ಒದಗಲಿಲ್ಲ. ಅಂತಹ ಕೇಂದ್ರವನ್ನು ಹೊಂದುವ ಅವಕಾಶವೂ ಒದಗಲಿಲ್ಲ.

ಪ್ರಸಕ್ತ ಸ್ಥಿತಿ

ಇಂದು ಅಮೆರಿಕದ ಹಗಲು ಕೇಂದ್ರಗಳಲ್ಲಿ ಅನೇಕವು ಇಪ್ಪತ್ನಾಲ್ಕು ಗಂಟೆಯೂ ಕೇಳುತ್ತವೆ, ಆದರೆ ಎಎಂನಲ್ಲಿ ಅಲ್ಲ. 2009ರಲ್ಲಿ ಎಫ್‌ಸಿಸಿ ಎಎಂ ಕೇಂದ್ರಗಳು ‘ಟ್ರಾನ್ಸ್‌ಲೇಟರ್’ ಎಂಬ, 250 ವ್ಯಾಟ್ ಮೀರದ ಚಿಕ್ಕ ಎಫ್‌ಎಂ ಟ್ರಾನ್ಸ್‌ಮಿಟರುಗಳ ಮೂಲಕ ತಮ್ಮ ಕಾರ್ಯಕ್ರಮಗಳನ್ನು ಮರುಪ್ರಸಾರ ಮಾಡಲು ಅವಕಾಶ ನೀಡಿತು. ರಾತ್ರಿ ಎಎಂ ಪ್ರಸಾರ ನಿಂತ ಮೇಲೂ ಎಫ್‌ಎಂ ದನಿ ಮುಂದುವರಿಯಬಹುದು. 2015ರ ಎಎಂ ಪುನಶ್ಚೇತನ ಆದೇಶ ಈ ಸೌಲಭ್ಯವನ್ನು ಇನ್ನಷ್ಟು ವಿಸ್ತರಿಸಿತು. ಕೇಂದ್ರದ ಒಡೆಯನಿಗೆ ಇದರಿಂದ ಅನುಕೂಲವಾಗಿದೆ. ಆದರೆ ಊರಾಚೆಯ ಹಳ್ಳಿಗೆ ಆ ಪುಟ್ಟ ಎಫ್‌ಎಂ ಅಲೆ ಮುಟ್ಟುವುದಿಲ್ಲ. ಎಎಂ ಪುನಶ್ಚೇತನವೆಂಬ ಹೆಸರಿನಲ್ಲಿ ಕೇಳುಗರನ್ನು ಎಎಂನಿಂದ ಆಚೆಗೆ ಕಳುಹಿಸಿದಂತೆಯೂ ಆಗಿದೆ.

2018ರಲ್ಲಿ ಎಫ್‌ಸಿಸಿ ದೊಡ್ಡ ಕೇಂದ್ರಗಳ ರಾತ್ರಿಯ ರಕ್ಷಣೆಯನ್ನು ಮತ್ತಷ್ಟು ತಗ್ಗಿಸಿ ಸ್ಥಳೀಯ ಕೇಂದ್ರಗಳ ಶಕ್ತಿಯನ್ನು ಹೆಚ್ಚಿಸುವ ಪ್ರಸ್ತಾವಗಳನ್ನು ಚರ್ಚೆಗೆ ಇಟ್ಟಿತು. 1943ರ ವಾದಗಳೇ ಹೊಸ ರೂಪದಲ್ಲಿ ಮರಳಿದವು. ಸ್ಥಳೀಯ ಕೇಂದ್ರಗಳು ತಮ್ಮ ಊರಿನ ಅಗತ್ಯವನ್ನು ಹೇಳಿದರೆ, ದೊಡ್ಡ ಕೇಂದ್ರಗಳು ವಿಪತ್ತಿನ ವೇಳೆಯ ಎಚ್ಚರಿಕೆಯನ್ನು ಮುಂದಿಟ್ಟವು. ರಾಷ್ಟ್ರೀಯ ಸಾರ್ವಜನಿಕ ಎಚ್ಚರಿಕೆ ವ್ಯವಸ್ಥೆಗೆ ಆಧಾರವಾದ 77 ಕೇಂದ್ರಗಳು ದೇಶದ ಶೇಕಡ 90ರಷ್ಟು ಜನರನ್ನು ತಲುಪಬಲ್ಲವು. ಅವುಗಳಲ್ಲಿ ಹೆಚ್ಚಿನವು ಎಎಂ ಕೇಂದ್ರಗಳು.

ಇದರ ನಡುವೆ ವಿವಾದದ ನೆಲೆಯೇ ಅಲುಗಾಡುತ್ತಿದೆ. ವಿದ್ಯುತ್ ಕಾರುಗಳ ಮೋಟಾರು ಮತ್ತು ಅದರ ನಿಯಂತ್ರಕಗಳು ಎಎಂ ಪಟ್ಟಿಯಲ್ಲಿ ಗದ್ದಲವನ್ನು ಉಂಟುಮಾಡುತ್ತವೆ. ಟೆಸ್ಲಾ, ಬಿಎಂಡಬ್ಲ್ಯು, ವೋಲ್ವೊ ಮುಂತಾದ ತಯಾರಕರು ತಮ್ಮ ವಿದ್ಯುತ್ ಕಾರುಗಳಿಂದ ಎಎಂ ರೇಡಿಯೊವನ್ನು ತೆಗೆದುಹಾಕಿದರು. ಫೋರ್ಡ್ ಕಂಪನಿಯೂ ಹಾಗೆ ಮಾಡಹೊರಟು, 2023ರ ಮೇ ತಿಂಗಳಲ್ಲಿ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಪ್ರತಿ ಹೊಸ ವಾಹನದಲ್ಲಿಯೂ ಎಎಂ ರೇಡಿಯೊ ಕಡ್ಡಾಯವಾಗಿರಬೇಕೆಂಬ ಮಸೂದೆಯನ್ನು ಅದೇ ವರ್ಷ ಎರಡೂ ಪ್ರಮುಖ ಪಕ್ಷಗಳ ಸದಸ್ಯರು ಸೇರಿ ಮಂಡಿಸಿದರು. ಸೆನೆಟರ್ ಎಡ್ವರ್ಡ್ ಮಾರ್ಕಿ ಮತ್ತು ಸೆನೆಟರ್ ಟೆಡ್ ಕ್ರೂಜ್ ಇದರ ಮುಂಚೂಣಿಯಲ್ಲಿದ್ದವರು; ರಾಜಕೀಯದಲ್ಲಿ ಇಷ್ಟು ದೂರವಿರುವ ಇಬ್ಬರು ಒಂದೇ ಮಸೂದೆಗೆ ಸಹಿ ಹಾಕುವುದು ಅಪರೂಪ. 2025ರಲ್ಲಿ ಅದನ್ನು ಮತ್ತೆ ಮಂಡಿಸಲಾಯಿತು. ಅದನ್ನು ಬೆಂಬಲಿಸುವವರು ಮುಂದಿಡುವ ಉದಾಹರಣೆಗಳಲ್ಲಿ ಹಳ್ಳಿಯ ರೈತ ಮತ್ತು ರಾತ್ರಿಯ ಹೆದ್ದಾರಿಯಲ್ಲಿ ಲಾರಿ ಓಡಿಸುವ ಚಾಲಕ ಮುಖ್ಯರು: ಡಬ್ಲ್ಯುಸಿಸಿಒ ತನ್ನ ರಾತ್ರಿಯನ್ನು ಕಾಯ್ದುಕೊಂಡುದು ಯಾರ ಹೆಸರಿನಲ್ಲಿಯೋ ಅವರೇ.